ಗಡಿಯಾರಕ್ಕೆ ಸೆಕೆಂಡು ಕೊಡುವವರು ಯಾರು?

ಕರೆಂಟಿನಿಂದ ಓಡುವ ಹಳೆಯ ಗಡಿಯಾರ ಕೈಗೆ ಸಿಕ್ಕರೆ ನಮ್ಮ ತುರುವೇಕೆರೆ ಕಡೆಯವರು ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತಾರೆ. ವೈರಿನ ತುದಿಯನ್ನು ಪ್ಲಗ್ಗಿಗೆ ಸಿಕ್ಕಿಸಿ ನೋಡುತ್ತಾರೆ. ಓಡದಿದ್ದರೆ ಹಿಂದಿನ ಮುಚ್ಚಳ ತೆಗೆದು ಎರಡು ತೊಟ್ಟು ಕೊಬ್ಬರಿ ಎಣ್ಣೆ ಬಿಡುತ್ತಾರೆ. ಎರಡೂ ತಪ್ಪು. ಮೊದಲನೆಯದರಿಂದ ಕಾಯಿಲ್ ಸುಟ್ಟುಹೋಗಬಹುದು, ಎರಡನೆಯದರಿಂದ ಚಳಿ ಬಿದ್ದಾಗ ಗಡಿಯಾರ ನಿಲ್ಲುವುದು ಖಚಿತ. ಎಣ್ಣೆಯ ವಿಚಾರಕ್ಕೆ ಆಮೇಲೆ ಬರೋಣ. ತೆಂಗಿನ ಸೀಮೆಯಲ್ಲಿ ಕೂತು ಗಡಿಯಾರದ ಬಗ್ಗೆ ಬರೆಯುವವರು ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ರಿಪೇರಿಗೆ ಕೂರುವ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಈ ಗಡಿಯಾರಕ್ಕೆ ಸೆಕೆಂಡು ಎಲ್ಲಿಂದ ಬರುತ್ತದೆ? ಕೀಲಿ ಕೊಡುವ ಗಡಿಯಾರದಲ್ಲಿ ಈ ಪ್ರಶ್ನೆಗೆ ಜಾಗವಿಲ್ಲ. ಸ್ಪ್ರಿಂಗು ಬಲ ಕೊಡುತ್ತದೆ, ಲೋಲಕ ಲೆಕ್ಕ ಇಡುತ್ತದೆ, ಎರಡೂ ಒಂದೇ ಪೆಟ್ಟಿಗೆಯೊಳಗೆ ಸಂಸಾರ ಮಾಡುತ್ತವೆ. ವಿದ್ಯುತ್ ಗಡಿಯಾರಗಳಲ್ಲಿ ಹಾಗಲ್ಲ. ಕೆಲವಕ್ಕೆ ಕರೆಂಟು ಬರೀ ಬಲ. ಲೆಕ್ಕ ಅವುಗಳ ಲೋಲಕದ್ದೇ. ಕೆಲವಕ್ಕೆ ಲೆಕ್ಕವೂ ತಂತಿಯಲ್ಲೇ ಬರುತ್ತದೆ, ಅದೂ ನೂರಾರು ಕಿಲೋಮೀಟರ್ ದೂರದ ವಿದ್ಯುದಾಗಾರದಿಂದ. ಇನ್ನು ಕೆಲವು ಪಕ್ಕದ ಕೋಣೆಯಲ್ಲಿರುವ ಯಜಮಾನ ಗಡಿಯಾರವೊಂದರ ಆಳುಗಳು. ಈ ವ್ಯತ್ಯಾಸ ತಿಳಿಯದೆ ಸ್ಕ್ರೂಡ್ರೈವರ್ ಹಿಡಿದರೆ ಇಲ್ಲದ ರೋಗಕ್ಕೆ ಮದ್ದು ಮಾಡಿದಂತಾಗುತ್ತದೆ.

ವಿದ್ಯುದಾಗಾರದಿಂದ ಲೆಕ್ಕ ಪಡೆಯುವ ಜಾತಿಯಿಂದಲೇ ಶುರು ಮಾಡೋಣ. ಅದರ ಕತೆಯೇ ದೊಡ್ಡದು, ಅದರಲ್ಲಿ ನಮ್ಮ ತೋಟದ ಪಂಪ್‌ಸೆಟ್ಟಿಗೂ ಒಂದು ಪಾತ್ರವಿದೆ.

ಮನೆಗೆ ಬರುವ ಕರೆಂಟು ಒಂದೇ ದಿಕ್ಕಿಗೆ ಹರಿಯುವುದಿಲ್ಲ. ಸೆಕೆಂಡಿಗೆ 50 ಸಲ ಹೋಗಿ ಬರುತ್ತದೆ. ಇದನ್ನೇ 50 ಹರ್ಟ್ಜ್ ಆವರ್ತನ ಎನ್ನುವುದು. ದಿನವೊಂದಕ್ಕೆ 43 ಲಕ್ಷ 20 ಸಾವಿರ ಆವರ್ತ. ಯಾವುದಾದರೂ ಯಂತ್ರ ಇದನ್ನು ತಪ್ಪದೆ ಎಣಿಸಿದರೆ ಅದೇ ಗಡಿಯಾರ. ಎಣಿಸುವ ಆ ಯಂತ್ರಕ್ಕೆ ಸಿಂಕ್ರೊನಸ್ ಮೋಟಾರು ಎಂದು ಹೆಸರು. ಕಾಯಿಲ್‌ನಲ್ಲಿ ಕರೆಂಟು ದಿಕ್ಕು ಬದಲಿಸಿದಂತೆಲ್ಲ ಕಾಂತಕ್ಷೇತ್ರವೂ ತಿರುಗುಮುರುಗಾಗುತ್ತದೆ. ನಡುವಿನ ಪುಟ್ಟ ಚಕ್ರ, ಅಂದರೆ ರೋಟರು, ಪ್ರತಿ ಅರ್ಧ ಆವರ್ತಕ್ಕೆ ಒಂದು ಧ್ರುವದಷ್ಟು ಸರಿಯುತ್ತದೆ. 30 ಧ್ರುವಗಳಿದ್ದರೆ ಸೆಕೆಂಡಿಗೆ ನೂರು ಹೆಜ್ಜೆ, ನಿಮಿಷಕ್ಕೆ ಸರಿಯಾಗಿ 200 ಸುತ್ತು. ಹಲ್ಲಿನ ಚಕ್ರಗಳಿಂದ ಇದನ್ನು ಇನ್ನೂರರಲ್ಲಿ ಒಂದು ಪಾಲಿಗೆ ಇಳಿಸಿದರೆ ಸೆಕೆಂಡಿನ ಮುಳ್ಳು ಸಿದ್ಧ.

ತೋಟದ ಬೋರ್‌ವೆಲ್ ಮೋಟಾರೂ ಇದೇ ಕರೆಂಟಿನಿಂದ ತಿರುಗುತ್ತದೆ. ಆದರೆ ಅದು ಬೇರೆ ಜಾತಿ, ಇಂಡಕ್ಷನ್ ಮೋಟಾರು. ಕಾಂತಕ್ಷೇತ್ರ ನಿಮಿಷಕ್ಕೆ 3000 ಸುತ್ತು ಹಾಕಿದರೆ ಇದು ಒಂದಿಷ್ಟು ಹಿಂದೆ ಬಿದ್ದು, ಸುಮಾರು 2850ರಲ್ಲಿ ತಿರುಗುತ್ತದೆ. ಹಿಂದೆ ಬಿದ್ದರೇ ಅದಕ್ಕೆ ಬಲ. ಗಡಿಯಾರದ ಮೋಟಾರಿಗೆ ಹಿಂದೆ ಬೀಳುವ ಸ್ವಾತಂತ್ರ್ಯವಿಲ್ಲ. ಕೋಲಾಟದಲ್ಲಿ ತಾಳಕ್ಕೆ ಕೋಲು ಕೂಡದವನು ಸಾಲಿನಿಂದ ಹೊರಗೆ ಬೀಳುವಂತೆ, ಈ ರೋಟರು ತಾಳ ತಪ್ಪಿದರೆ ನಿಧಾನವಾಗುವುದಿಲ್ಲ, ನಿಂತೇ ಹೋಗುತ್ತದೆ. ಹೀಗಾಗಿ ಸಿಂಕ್ರೊನಸ್ ಗಡಿಯಾರದ ವಿಷಯದಲ್ಲಿ ‘ಸ್ವಲ್ಪ ಸ್ಲೋ ಆಗಿದೆ, ಸರ್ವೀಸ್ ಮಾಡಿ’ ಎಂಬ ದೂರಿಗೆ ಅರ್ಥವೇ ಇಲ್ಲ. ಅದು ತಾಳಕ್ಕೆ ಸರಿಯಾಗಿ ಓಡುತ್ತದೆ, ಇಲ್ಲವೇ ಓಡುವುದಿಲ್ಲ. ಓಡುತ್ತಿದ್ದೂ ಹಿಂದೆ ಬಿದ್ದರೆ ಗಡಿಯಾರ ಬಿಚ್ಚಬೇಡಿ, ತಪ್ಪು ತಂತಿಯ ಆ ತುದಿಯಲ್ಲಿದೆ.

ಆ ತುದಿಯನ್ನು ಸರಿಮಾಡಿದವನು ಅಮೆರಿಕದ ಹೆನ್ರಿ ವಾರೆನ್. ಅವನು ಸಿಂಕ್ರೊನಸ್ ಗಡಿಯಾರ ಮಾಡಿದ, ಆದರೆ ಬಾಸ್ಟನ್ನಿನ ಕರೆಂಟು ಎಣಿಸಲು ಯೋಗ್ಯವಾಗಿರಲಿಲ್ಲ. ಜನರೇಟರುಗಳು ಮನಸ್ಸಿಗೆ ಬಂದ ವೇಗದಲ್ಲಿ ತಿರುಗುತ್ತಿದ್ದವು. ಗಡಿಯಾರ ತಿದ್ದುವ ಬದಲು ವಾರೆನ್ ಊರನ್ನೇ ತಿದ್ದಲು ಹೊರಟ. ಒಂದೇ ಮುಖದ ಮೇಲೆ ಎರಡು ಮುಳ್ಳಿನ ಗಡಿಯಾರವೊಂದನ್ನು 1916ರಲ್ಲಿ ಬಾಸ್ಟನ್ ವಿದ್ಯುದಾಗಾರದಲ್ಲಿ ಇಡಿಸಿದ. ಒಂದು ಮುಳ್ಳು ಒಳ್ಳೆಯ ಲೋಲಕದಿಂದ ನಡೆಯುತ್ತಿತ್ತು, ಇನ್ನೊಂದು ಅಲ್ಲಿ ತಯಾರಾಗುವ ಕರೆಂಟಿನಿಂದಲೇ. ಎರಡೂ ಒಂದರ ಮೇಲೊಂದು ಇರುವಂತೆ ಟರ್ಬೈನಿನ ವೇಗ ಹಿಡಿಯುವುದು ಅಲ್ಲಿಯ ಕೆಲಸಗಾರನ ಜವಾಬ್ದಾರಿ. ಅಷ್ಟಾದ ಮೇಲೆ ಪ್ಲಗ್ಗಿಗೆ ಸಿಕ್ಕಿಸಿದ ಯಾವ ಗಡಿಯಾರವೂ ಆ ಲೋಲಕದ ಲೆಕ್ಕದಲ್ಲೇ ನಡೆಯುತ್ತಿತ್ತು. ವಾರೆನ್‌ನ ಟೆಲಿಕ್ರಾನ್ ಗಡಿಯಾರಗಳು ಮನೆಮನೆ ಸೇರಿದ್ದು ಹೀಗೆ. ಬ್ರಿಟನ್ನಿನಲ್ಲಿ 1930ರ ದಶಕದಲ್ಲಿ ಸ್ಮಿತ್ಸ್ ಕಂಪನಿಯ ‘ಸೆಕ್ಟ್ರಿಕ್’ನಂಥವು ಬಂದವು.

ನಮ್ಮಲ್ಲಿ ಯಾಕೆ ಬರಲಿಲ್ಲ? ಕರೆಂಟಿನ ವಿಷಯದಲ್ಲಿ ಮೈಸೂರು ಸಂಸ್ಥಾನ ಹಿಂದೆ ಬಿದ್ದಿರಲಿಲ್ಲ. ಶಿವನಸಮುದ್ರದ ಕರೆಂಟು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿ ದೀಪಕ್ಕೆ ಬಂತು. ಆದರೆ ಅದು 25 ಹರ್ಟ್ಜಿನ ಕರೆಂಟು. ಗಣಿಯ ಭಾರೀ ಮೋಟಾರುಗಳಿಗೆ ಆ ಕಾಲದಲ್ಲಿ ಒಪ್ಪುತ್ತಿದ್ದದ್ದು ಅದೇ. ಲಂಡನ್ನಿನ 50 ಹರ್ಟ್ಜ್ ಗಡಿಯಾರ ತಂದು ಅದಕ್ಕೆ ಕೊಟ್ಟಿದ್ದರೆ ಹನ್ನೆರಡು ಗಂಟೆಯಲ್ಲಿ ಆರೇ ಗಂಟೆ ತೋರಿಸುತ್ತಿತ್ತು, ಅದೂ ಕಾಯಿಲ್ ಕಾದು ಕರಗದೆ ಉಳಿದಿದ್ದರೆ. ಮುಂದೆ ರಾಜ್ಯವೆಲ್ಲ 50 ಹರ್ಟ್ಜಿಗೆ ಬಂತು. ಆದರೂ ಗಡಿಯಾರಕ್ಕೆ ಬೇಕಾದ ಎರಡು ಗುಣಗಳಲ್ಲಿ ನಮ್ಮ ಕರೆಂಟಿಗೆ ಒಂದೂ ಇರಲಿಲ್ಲ: ಹೋಗದೇ ಇರುವುದು, ತಾಳ ಬಿಡದೇ ಇರುವುದು.

ಹೋಗುವುದು ಎಲ್ಲರಿಗೂ ಗೊತ್ತು. ತಾಳ ಬಿಡುವುದು ಕಣ್ಣಿಗೆ ಕಾಣುವುದಿಲ್ಲ. ಜಾಲದಲ್ಲಿ ಬೇಡಿಕೆ ಹೆಚ್ಚಾಗಿ ಉತ್ಪಾದನೆ ಸಾಲದೆ ಬಂದರೆ ಕೊರತೆಯ ಶಕ್ತಿಯನ್ನು ಜನರೇಟರುಗಳು ತಮ್ಮ ತಿರುಗುವಿಕೆಯಿಂದಲೇ ಕೊಡಬೇಕಾಗುತ್ತದೆ, ಎಲ್ಲವೂ ಒಟ್ಟಿಗೆ ನಿಧಾನವಾಗುತ್ತವೆ. 1990ರ ದಶಕದಲ್ಲಿ ದಕ್ಷಿಣ ಭಾರತದ ಜಾಲ 48 ಹರ್ಟ್ಜಿನ ಆಸುಪಾಸಿಗೆ ಇಳಿಯುತ್ತಿದ್ದ ಕಾಲವಿತ್ತು. 48 ಅಂದರೆ ನೂರಕ್ಕೆ ನಾಲ್ಕು ಕಡಿಮೆ. ಕೇಳಲು ಅಲ್ಪ. ಆದರೆ ಗಡಿಯಾರದಲ್ಲಿ ಗಂಟೆಗೆ 2 ನಿಮಿಷ 24 ಸೆಕೆಂಡು, ಇಡೀ ದಿನ ಹಾಗೇ ಇದ್ದರೆ 57 ನಿಮಿಷಕ್ಕೂ ಮಿಕ್ಕಿ ನಷ್ಟ. ತ್ರೀ ಫೇಸ್ ಬಂತೆಂದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತೋಟಗಳಲ್ಲಿ ಒಟ್ಟೊಟ್ಟಿಗೆ ಪಂಪ್‌ಸೆಟ್ ಚಾಲೂ ಮಾಡುತ್ತಿದ್ದವರೆಲ್ಲ ತಮಗೇ ತಿಳಿಯದಂತೆ ದಕ್ಷಿಣ ಭಾರತದ ಸಿಂಕ್ರೊನಸ್ ಗಡಿಯಾರಗಳ ಮುಳ್ಳನ್ನು ಕೊಂಚ ಹಿಂದಕ್ಕೆ ಎಳೆಯುತ್ತಿದ್ದರು. ಬೇಡಿಕೆ ಕುಸಿದಾಗ ಆವರ್ತನ 50ನ್ನು ದಾಟುವುದೂ ಇತ್ತು, ಆಗ ಮುಳ್ಳು ಮುಂದೆ.

2003ರ ಜನವರಿಯಲ್ಲಿ ದಕ್ಷಿಣದ ಜಾಲಕ್ಕೆ ಹೊಸ ದರ ಪದ್ಧತಿ ಬಂತು. ಆವರ್ತನ ಇಳಿದಿರುವಾಗ ತನ್ನ ಪಾಲಿಗಿಂತ ಹೆಚ್ಚು ಸೆಳೆದ ರಾಜ್ಯ ದುಬಾರಿ ಬೆಲೆ ತೆರಬೇಕು. ಇಂಜಿನಿಯರುಗಳ ಉಪದೇಶಕ್ಕೆ ಬಗ್ಗದಿದ್ದ ಆವರ್ತನ ದುಡ್ಡಿಗೆ ಬಗ್ಗಿತು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಲೈನಿನ ಮೂಲಕ ದಕ್ಷಿಣದ ಜಾಲ ದೇಶದ ಉಳಿದ ಜಾಲಕ್ಕೆ ಬೆಸೆದುಕೊಂಡಿತು. ಅಂದಿನಿಂದ ತುರುವೇಕೆರೆಯ ಪ್ಲಗ್ಗೂ ಕಾಶ್ಮೀರದ ಪ್ಲಗ್ಗೂ ಒಂದೇ ತಾಳಕ್ಕೆ ಕುಣಿಯುತ್ತಿವೆ. ನಿಯಮದ ಪ್ರಕಾರ ಆವರ್ತನ 49.90ರಿಂದ 50.05ರ ಒಳಗಿರಬೇಕು. 49.90ರಲ್ಲೇ ಇಡೀ ದಿನ ನಿಂತರೂ ಗಡಿಯಾರ ಕಳೆದುಕೊಳ್ಳುವುದು ಮೂರು ನಿಮಿಷಕ್ಕಿಂತ ಕಡಿಮೆ. ಸಿಂಕ್ರೊನಸ್ ಗಡಿಯಾರ ಇಟ್ಟುಕೊಳ್ಳಲು ನಮ್ಮ ದೇಶದಲ್ಲಿ ಈಗ ಒಳ್ಳೆಯ ಕಾಲ ಬಂದಿದೆ. ಏನು ಮಾಡುವುದು, ಮಾಡುವವರು ಯಾರೂ ಉಳಿದಿಲ್ಲ.

ತಾಳ ತಪ್ಪುವುದು ನಮ್ಮ ಬಡತನದ ಲಕ್ಷಣ ಎಂದುಕೊಳ್ಳಬೇಡಿ. 2018ರ ಜನವರಿಯಿಂದ ಮಾರ್ಚಿನ ತನಕ ಯುರೋಪು ಖಂಡದ ಓವನ್ ಗಡಿಯಾರಗಳು, ಅಲಾರಂ ರೇಡಿಯೋಗಳು ಸುಮಾರು ಆರು ನಿಮಿಷ ಹಿಂದೆ ಬಿದ್ದವು. ಸರ್ಬಿಯಾ ಮತ್ತು ಕೊಸೊವೊ ನಡುವಿನ ಜಗಳದಲ್ಲಿ ಜಾಲಕ್ಕೆ ಬರಬೇಕಿದ್ದ ಒಂದಿಷ್ಟು ಕರೆಂಟು ಬರಲಿಲ್ಲ, ಸರಾಸರಿ ಆವರ್ತನ 49.996ಕ್ಕೆ ಇಳಿಯಿತು. ಆರು ನಿಮಿಷ ಕಳೆದುಕೊಳ್ಳಲು ಅವರಿಗೆ ಎರಡು ತಿಂಗಳು ಹಿಡಿಯಿತು. 48 ಹರ್ಟ್ಜಿನ ದಿನಗಳಲ್ಲಿ ನಮಗೆ ಎರಡೂವರೆ ಗಂಟೆ ಸಾಕಾಗಿತ್ತು.

ಇನ್ನೊಂದು ಪ್ರಸಂಗ ನಮ್ಮ ಕಡೆ ಈಗ ಮಾಮೂಲಾಗುತ್ತಿದೆ. ಅಮೆರಿಕದಲ್ಲಿರುವ ಮಗನೋ ಮಗಳೋ ಅಲ್ಲಿಯ ಹಳೆಯ ಸಾಮಾನಿನ ಸಂತೆಯಲ್ಲಿ ಚೆಂದದ ಟೆಲಿಕ್ರಾನ್ ಕೊಂಡು ಊರಿಗೆ ತರುತ್ತಾರೆ. ಅದು 110-120 ವೋಲ್ಟಿನದೆಂದು ನೆನಪಿಟ್ಟು ಟ್ರಾನ್ಸ್‌ಫಾರ್ಮರನ್ನೂ ಜೊತೆಗೆ ತರುವವರುಂಟು. ಗಡಿಯಾರ ಓಡುತ್ತದೆ. ಗಂಟೆಗೆ ಹತ್ತು ನಿಮಿಷ ಹಿಂದೆ! ಟ್ರಾನ್ಸ್‌ಫಾರ್ಮರ್ ವೋಲ್ಟೇಜು ಇಳಿಸುತ್ತದೆ, ಆವರ್ತನ ಮುಟ್ಟುವುದಿಲ್ಲ. ಅಲ್ಲಿಯದು 60 ಹರ್ಟ್ಜ್, ನಮ್ಮದು 50. ದಿನಕ್ಕೆ ನಾಲ್ಕು ಗಂಟೆ ಖೋತಾ. ಇದಕ್ಕೆ ಎರಡೇ ದಾರಿ. 60 ಹರ್ಟ್ಜ್ ಉತ್ಪಾದಿಸುವ ಚಿಕ್ಕ ಇಲೆಕ್ಟ್ರಾನಿಕ್ ಸರ್ಕ್ಯೂಟ್ ಇಡಬೇಕು, ಇಲ್ಲವೇ ಹಲ್ಲಿನ ಚಕ್ರವೊಂದನ್ನು ಐದಕ್ಕೆ ಆರರ ಲೆಕ್ಕದಲ್ಲಿ ಬದಲಿಸಬೇಕು. ಎರಡೂ ಬೇಡವೆಂದರೆ ಶೋಕೇಸಿನಲ್ಲಿಡಿ. ಸುಮ್ಮನೆ ಓಡಿಸುವುದಾದರೂ ಟ್ರಾನ್ಸ್‌ಫಾರ್ಮರಿನಿಂದ 120 ಬದಲು 100 ವೋಲ್ಟ್ ಕೊಡಿ. ಆವರ್ತನ ಆರರಲ್ಲಿ ಒಂದು ಪಾಲು ಇಳಿದಾಗ ಕಾಯಿಲ್ ಒಡ್ಡುವ ತಡೆಯೂ ಇಳಿಯುತ್ತದೆ, ಹೆಚ್ಚು ಕರೆಂಟು ನುಗ್ಗಿ ಬಿಸಿಯಾಗುತ್ತದೆ. ಕೆಂಪು ಅಂಕಿ ಹೊಳೆಯುವ ಅಲಾರಂ ರೇಡಿಯೋಗಳೂ ಇದೇ ಪಂಗಡ. ಅವುಗಳೊಳಗಿನ ಚಿಪ್ಪಿಗೆ 50 ಅಥವಾ 60 ಎಣಿಸಬೇಕೆಂದು ಹೇಳುವ ಕಾಲೊಂದು ಇರುತ್ತದೆ. ಎಷ್ಟೋ ಸಲ ಒಂದು ತಂತಿ ಬದಲಿಸಿದರೆ ಕೆಲಸ ಮುಗಿಯುತ್ತದೆ.

ಸಿಂಕ್ರೊನಸ್ ಗಡಿಯಾರವನ್ನು ಗುರುತಿಸುವುದು ಸುಲಭ. ಸೆಲ್ ಹಾಕುವ ಜಾಗ ಇಲ್ಲ. ಸೆಕೆಂಡಿನ ಮುಳ್ಳು ಟಿಕ್ ಎನ್ನದೆ ನುಣ್ಣಗೆ ಜಾರುತ್ತದೆ. ಹಿಂಬದಿಯ ತಗಡಿನಲ್ಲಿ ವೋಲ್ಟಿನ ಜೊತೆ ಆವರ್ತನವೂ ಅಚ್ಚಾಗಿರುತ್ತದೆ. ಎಲ್ಲಕ್ಕಿಂತ ಒಳ್ಳೆಯ ಗುರುತು ಒಂದು ಕೊರತೆ: ವೇಗ ಹೆಚ್ಚು ಕಡಿಮೆ ಮಾಡಲು ಎಫ್, ಎಸ್ ಅಕ್ಷರಗಳ ನಡುವೆ ಸರಿಯುವ ಕಡ್ಡಿ ಅದರಲ್ಲಿರುವುದಿಲ್ಲ. ಲೆಕ್ಕ ತನ್ನದಲ್ಲದ ಮೇಲೆ ತಿದ್ದುವ ಹಕ್ಕು ಎಲ್ಲಿಯದು? ಇಂಗ್ಲೆಂಡಿನ ಹಳೆಯ ಎಷ್ಟೋ ಮಾದರಿಗಳಲ್ಲಿ ಇನ್ನೊಂದು ತಮಾಷೆಯಿದೆ. ಕರೆಂಟು ಹೋಗಿ ಬಂದರೆ ಅವು ತಾವಾಗಿ ಹೊರಡುವುದಿಲ್ಲ, ಹಿಂದಿನ ಗುಂಡಿಯನ್ನು ಬೆರಳಿನಿಂದ ತಿರುಗಿಸಿ ಚಾಲೂ ಮಾಡಬೇಕು. ದೋಷವಲ್ಲ, ಉದ್ದೇಶ. ನಿಂತ ಗಡಿಯಾರ ನಿಂತೇ ಇದ್ದರೆ ಮೋಸವಿಲ್ಲ. ತಾನಾಗಿ ಹೊರಟರೆ ಸುಳ್ಳು ಹೇಳುತ್ತದೆ ಎಂಬ ವಿಚಾರ. ಕೆಲವನ್ನು ತಿರುಗಾಮುರುಗಾ ತಿರುಗಿಸಿದರೆ ಹಿಮ್ಮುಖವಾಗಿಯೂ ಓಡುತ್ತವೆ. ಟೆಲಿಕ್ರಾನ್ ಬೇರೆ ಉಪಾಯ ಮಾಡಿತು: ತಾನಾಗಿ ಹೊರಡುತ್ತದೆ, ಆದರೆ ನಡುವೆ ಕರೆಂಟು ಹೋಗಿತ್ತೆಂದು ಹೇಳಲು ಮುಖದ ಮೇಲೆ ಕೆಂಪು ಚುಕ್ಕೆ ತೋರಿಸುತ್ತದೆ. ನಮ್ಮ ಹಳ್ಳಿಗಳಲ್ಲಿ ಆ ಚುಕ್ಕೆ ಖಾಯಂ ಆಗಿಬಿಡುತ್ತಿತ್ತೇನೋ.

ರಿಪೇರಿಗೆ ಮೊದಲ ಹೆಜ್ಜೆ ವೈರು. ಹಳೆಯ ವೈರಿನ ರಬ್ಬರು ಒಣಗಿ, ಮುಟ್ಟಿದರೆ ಪುಡಿಯಾಗುತ್ತದೆ. ಹತ್ತಿ ಹೊದಿಕೆ ಚೆನ್ನಾಗಿ ಕಾಣುತ್ತದೆಂದು ಉಳಿಸಿಕೊಳ್ಳುವುದು ಬೇಡ. ಪ್ಲಗ್ ಕಿತ್ತಿಟ್ಟು, ಮಲ್ಟಿಮೀಟರಿನಿಂದ ಕಾಯಿಲ್ ಅಳೆಯಿರಿ. ಸಾವಿರಾರು ಓಮ್ ತೋರಿಸಿದರೆ ಜೀವ ಇದೆ. ಏನೂ ತೋರಿಸದಿದ್ದರೆ ತಂತಿ ಎಲ್ಲೋ ತುಂಡಾಗಿದೆ. ಅದೃಷ್ಟವಿದ್ದರೆ ಹೊರಗಿನ ಬೆಸುಗೆಯ ಹತ್ತಿರವೇ ತುಂಡಾಗಿರುತ್ತದೆ. ಕರೆಂಟು ಕೊಡುವಾಗ ನೇರ ಕೊಡದೆ ನಮ್ಮ ಎಲೆಕ್ಟ್ರಿಷಿಯನ್‌ಗಳ ಹಳೆಯ ಆಯುಧವಾದ ಸೀರೀಸ್ ಬಲ್ಬಿನ ಮೂಲಕ ಕೊಡಿ. 40 ವಾಟಿನ ಬಲ್ಬು ಸಾಕು. ಗಡಿಯಾರ ಎಳೆಯುವುದು ಎರಡು ಮೂರು ವಾಟ್; ಎಲ್ಲ ಸರಿಯಿದ್ದರೆ ಬಲ್ಬು ಹತ್ತುವುದಿಲ್ಲ. ಪೂರ್ತಿ ಬೆಳಗಿತೋ, ಒಳಗೆ ಶಾರ್ಟ್.

ಕಾಯಿಲ್ ಸುಟ್ಟಿದ್ದರೆ? ಬೇಸಿಗೆ ಬಂತೆಂದರೆ ಕೈತುಂಬ ಕೆಲಸವಿರುವ ಮೋಟಾರ್ ವೈಂಡಿಂಗ್ ಅಂಗಡಿಗಳಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಅಲ್ಲಿಯ ಕಸುಬುದಾರರಿಗೆ ಧ್ರುವ, ಸುತ್ತು, ವಾರ್ನಿಷ್ ಎಲ್ಲ ಕರತಲಾಮಲಕ. ತೊಡಕು ಒಂದೇ: ಪಂಪಿನ ತಂತಿ ಎಲ್ಲಿ, ಕೂದಲಿಗಿಂತ ತೆಳ್ಳಗಿನ ಗಡಿಯಾರದ ತಂತಿ ಎಲ್ಲಿ! ಸಾವಿರಾರು ಸುತ್ತು ಹಾಕಬೇಕು, ಒಂದು ಕಡೆ ಜಗ್ಗಿದರೂ ತುಂಡು. ಎಣಿಸುವ ಯಂತ್ರ, ತಾಳ್ಮೆ ಎರಡೂ ಇರುವವರು ಒಪ್ಪಿಕೊಂಡರೆ ಹಳೆಯ ಕಾಯಿಲ್ ಬಿಚ್ಚುವಾಗಲೇ ಸುತ್ತು ಎಣಿಸಿಕೊಳ್ಳಲು ಹೇಳಿ.

ಈಗ ಎಣ್ಣೆ. ಹಳೆಯ ಸಿಂಕ್ರೊನಸ್ ಗಡಿಯಾರ ನಿಲ್ಲುವುದಕ್ಕೆ ಸುಟ್ಟ ಕಾಯಿಲ್‌ಗಿಂತ ದೊಡ್ಡ ಕಾರಣ ಒಣಗಿದ ಎಣ್ಣೆ. ರೋಟರಿನ ಬಲ ತೀರಾ ಕಮ್ಮಿ, ಅಂಟು ಹಿಡಿದರೆ ತಾಳ ತಪ್ಪಿ ನಿಲ್ಲುತ್ತದೆ. ಆಗ ಅಟ್ಟದ ತುಂಬ ಕೊಬ್ಬರಿ ಇಟ್ಟುಕೊಂಡವರ ಕೈ ಸಹಜವಾಗಿ ಹೋಗುವುದು ಎಲ್ಲಿಗೆಂದು ಗೊತ್ತಲ್ಲ. ಬೇಸಿಗೆಯಲ್ಲಿ ಬಿಟ್ಟ ಕೊಬ್ಬರಿ ಎಣ್ಣೆ ಚೆನ್ನಾಗೇ ಕೆಲಸ ಮಾಡುತ್ತದೆ. ಅದು ಗಟ್ಟಿಯಾಗುವುದು 24 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ. ಧನುರ್ಮಾಸದ ಬೆಳಗಿನಲ್ಲಿ ಬಚ್ಚಲುಮನೆಯ ಬಾಟಲಿಯೊಳಗೆ ಏನಾಗುತ್ತದೋ ಗಡಿಯಾರದ ಕೀಲಿನೊಳಗೂ ಅದೇ ಆಗುತ್ತದೆ. ಬಿಸಿಲೇರಿದ ಮೇಲೆ ಕರಗಿ ಗಡಿಯಾರ ಮತ್ತೆ ಹೊರಡಬಹುದು, ಮನೆಯವರು ಗಾಳಿ ಸೋಕಿತ್ತೆಂದುಕೊಳ್ಳಬಹುದು.

ಗಟ್ಟಿಯಾಗುವುದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಕೊಬ್ಬರಿ ಎಣ್ಣೆಯ ಕೊಬ್ಬಿನಲ್ಲಿ ಅರ್ಧದಷ್ಟು ಲಾರಿಕ್ ಆಮ್ಲದ್ದೇ ಪಾಲು. ಹಳತಾದಂತೆ ಎಣ್ಣೆಯಿಂದ ಆಮ್ಲ ಬಿಡುಗಡೆಯಾಗುತ್ತದೆ, ಅದು ಹಿತ್ತಾಳೆಯಲ್ಲಿರುವ ತಾಮ್ರದ ಜೊತೆ ಸೇರಿ ಹಸಿರು ಸಾಬೂನಿನಂಥ ಅಂಟಾಗುತ್ತದೆ. ಹಿತ್ತಾಳೆಯ ತಟ್ಟೆಯ ತೂತುಗಳ ಸುತ್ತ ಹಸಿರು ಕಂಡರೆ ಅಲ್ಲಿ ಯಾರೋ ಅಡುಗೆಮನೆಯ ಎಣ್ಣೆ ಬಿಟ್ಟಿದ್ದಾರೆ ಎಂದು ಅನುಮಾನಿಸಿ. ಗಡಿಯಾರದ ಎಣ್ಣೆಗಾಗಿ ಜನ ಪಟ್ಟ ಪಾಡು ಕೇಳಿದರೆ ಆಶ್ಚರ್ಯವಾದೀತು. ಅಮೆರಿಕದ ನ್ಯೂ ಬೆಡ್‌ಫರ್ಡ್‌ನಲ್ಲಿ ನೈ ಎಂಬ ಕಂಪನಿ ಕಡಲಹಂದಿಯ ದವಡೆಯಿಂದ ತೆಗೆದ ಎಣ್ಣೆ ಮಾರುತ್ತಿತ್ತು. ಕೊರೆಯುವ ಚಳಿಯಲ್ಲೂ ಅದು ಹೆಪ್ಪುಗಟ್ಟುತ್ತಿರಲಿಲ್ಲ ಎನ್ನುವುದೇ ಅದರ ಹೆಚ್ಚುಗಾರಿಕೆ. ಈಗ ಪ್ರಾಣಿಯ ಹಂಗಿಲ್ಲ, ಕೃತಕ ಎಣ್ಣೆ ಸಿಗುತ್ತದೆ. ಚಿಕ್ಕ ಸೀಸೆ ಕೊಂಡರೆ ವರ್ಷಾನುಗಟ್ಟಲೆ ಬರುತ್ತದೆ, ಏಕೆಂದರೆ ಬಿಡಬೇಕಾದದ್ದು ಸೂಜಿಯ ತುದಿಯಲ್ಲಿ ನಿಲ್ಲುವಷ್ಟು ಮಾತ್ರ. ಹಳೆಯದನ್ನು ಪೆಟ್ರೋಲಿನಂಥ ದ್ರಾವಕದಿಂದ ಪೂರ್ತಿ ತೊಳೆಯದೆ ಹೊಸದನ್ನು ಬಿಡಬೇಡಿ. ಕಾಯಿಲ್ ಬಿಚ್ಚಿಟ್ಟು ಲೋಹದ ಭಾಗಗಳನ್ನಷ್ಟೇ ಬಯಲಿನಲ್ಲಿ, ಒಲೆಯಿಂದ ದೂರ ಕೂತು ತೊಳೆಯಿರಿ. ಚಕ್ರದ ಹಲ್ಲಿಗೆ ಎಣ್ಣೆ ಬೇಡವೇ ಬೇಡ. ತೆಂಗಿನ ನಾರಿನ ಧೂಳು ಗಾಳಿಯಲ್ಲೇ ಇರುವ ಊರಿನಲ್ಲಿ ಎಣ್ಣೆ ಸವರಿದ ಹಲ್ಲು ವರ್ಷದೊಳಗೆ ಅರದಂತಾಗುತ್ತದೆ.

ಎರಡನೆಯ ಜಾತಿಗೆ ಬರೋಣ. ಲೆಕ್ಕ ಲೋಲಕದ್ದು, ಬಲ ಮಾತ್ರ ಸೆಲ್ಲಿನದು. ಇದು ಸಿಂಕ್ರೊನಸ್‌ಗಿಂತ ಹಳೆಯದು. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಬೇನ್ 1841ರಲ್ಲೇ ವಿದ್ಯುತ್ ಗಡಿಯಾರಕ್ಕೆ ಪೇಟೆಂಟ್ ಪಡೆದ. ಸೆಲ್ಲಿಗಾಗಿ ಅವನು ಲೋಹದ ತಗಡುಗಳನ್ನು ಒದ್ದೆ ಮಣ್ಣಿನಲ್ಲಿ ಹೂತು ಕರೆಂಟು ಪಡೆದದ್ದೂ ಉಂಟು. ಫ್ರಾನ್ಸಿನ ಬುಲ್ ಗಡಿಯಾರ 1920ರ ದಶಕದ್ದು: ಬಾಗಿದ ಅಯಸ್ಕಾಂತದ ಸರಳಿನ ಮೇಲೆ ಕಾಯಿಲ್ಲೇ ಲೋಲಕದ ಗುಂಡಾಗಿ ತೂಗುತ್ತದೆ. ಪ್ರತಿ ತೂಗಿಗೆ ಬೆಳ್ಳಿಯ ಚಿಕ್ಕ ಕಡ್ಡಿಯೊಂದು ತಾಗಿ ಕ್ಷಣ ಮಾತ್ರ ಕರೆಂಟು ಹರಿದು ಲೋಲಕಕ್ಕೆ ಒಂದು ದೂಡು ಸಿಗುತ್ತದೆ. ಸೆಲ್ ತಿರುಗುಮುರುಗಾಗಿ ಹಾಕಿದರೆ ದೂಡುವ ಬದಲು ತಡೆಯುತ್ತದೆ, ಇಷ್ಟಕ್ಕೇ ಎಷ್ಟೋ ಬುಲ್‌ಗಳು ‘ಕೆಟ್ಟಿವೆ’ ಎನ್ನಿಸಿಕೊಂಡಿವೆ. ತಾಗುವ ಜಾಗ ಕಪ್ಪಾಗಿದ್ದರೆ ಉಪ್ಪುಕಾಗದ ತಾಗಿಸಬೇಡಿ. ದಪ್ಪ ಕಾಗದದ ಪಟ್ಟಿಯೊಂದನ್ನು ನಡುವೆ ಎಳೆದರೆ ಸಾಕು.

ಟ್ರಾನ್ಸಿಸ್ಟರು ಬಂದ ಮೇಲೆ ತಾಗುವ ಕಡ್ಡಿಯ ರಗಳೆ ಹೋಯಿತು. ಲೋಲಕದ ಅಯಸ್ಕಾಂತ ಕಾಯಿಲ್‌ನೊಳಗೆ ನುಗ್ಗುವಾಗ ಒಂದು ಸುತ್ತಿನಲ್ಲಿ ಕೊಂಚ ವೋಲ್ಟೇಜು ಹುಟ್ಟುತ್ತದೆ, ಅದು ಟ್ರಾನ್ಸಿಸ್ಟರನ್ನು ಎಬ್ಬಿಸುತ್ತದೆ, ಟ್ರಾನ್ಸಿಸ್ಟರು ಇನ್ನೊಂದು ಸುತ್ತಿನಲ್ಲಿ ಕರೆಂಟು ಹರಿಸಿ ಅಯಸ್ಕಾಂತವನ್ನು ದೂಡುತ್ತದೆ. 1950-60ರ ದಶಕದ ಜರ್ಮನಿಯ ಕುಂಡೋ, ಯುಂಗಾನ್ಸ್ ಗಡಿಯಾರಗಳು ಹೀಗಿವೆ. ಇಲ್ಲಿ ರಿಪೇರಿಯವರು ಬೀಳುವ ಹಳ್ಳ ಒಂದೇ. ಹಳೆಯ ಟ್ರಾನ್ಸಿಸ್ಟರು ಜರ್ಮೇನಿಯಂನದು, ಸುಮಾರು 0.2 ವೋಲ್ಟಿಗೇ ಎಚ್ಚರವಾಗುತ್ತದೆ. ಅದು ಸತ್ತಿದೆಯೆಂದು ಅಂಗಡಿಯಲ್ಲಿ ಸಿಗುವ ಸಿಲಿಕಾನ್ ಟ್ರಾನ್ಸಿಸ್ಟರ್ ಹಾಕಿದರೆ ಅದಕ್ಕೆ 0.6 ವೋಲ್ಟ್ ಬೇಕು. ಲೋಲಕದ ತೂಗಿನಲ್ಲಿ ಅಷ್ಟು ಹುಟ್ಟದಿದ್ದರೆ ಗಡಿಯಾರ ಹೊರಡುವುದಿಲ್ಲ. ಸಿಲಿಕಾನ್ ಹಾಕಲೇಬೇಕಾದರೆ ಅದನ್ನು ಅರೆನಿದ್ರೆಯಲ್ಲಿಡುವಂತೆ ದೊಡ್ಡ ರೆಸಿಸ್ಟರೊಂದನ್ನು ಸೇರಿಸಬೇಕು. ಅದಕ್ಕೂ ಮೊದಲು ಸೆಲ್ ಸೋರಿ ಹಸಿರುಗಟ್ಟಿದ ತಗಡುಗಳನ್ನು ಉಜ್ಜಿ ನೋಡಿ. ನೂರಕ್ಕೆ ಎಷ್ಟು ಎಂದು ಹೇಳಲಾರೆ, ಆದರೆ ಟ್ರಾನ್ಸಿಸ್ಟರನ್ನು ಬೈದವರಲ್ಲಿ ಬಹುಮಂದಿ ಬೈಯಬೇಕಾಗಿದ್ದದ್ದು ಆ ತಗಡನ್ನು.

ಲೋಲಕವಿದ್ದದ್ದೆಲ್ಲ ಈ ಜಾತಿಯಲ್ಲ, ಎಚ್ಚರ. ಮದುವೆಗೆ ಉಡುಗೊರೆಯಾಗಿ ಬಂದ ಲೋಲಕದ ಗಡಿಯಾರವನ್ನು ಪರೀಕ್ಷಿಸಬೇಕೆ? ಲೋಲಕವನ್ನು ಬೆರಳಿನಿಂದ ಹಿಡಿದು ನಿಲ್ಲಿಸಿ. ಮುಳ್ಳುಗಳು ನಿಂತರೆ ಅದು ನಿಜವಾದ ಲೋಲಕ. ಮುಳ್ಳು ತನ್ನ ಪಾಡಿಗೆ ಓಡುತ್ತಿದ್ದರೆ ಲೋಲಕ ಬರೀ ಅಲಂಕಾರ, ಲೆಕ್ಕ ಒಳಗಿನ ಕ್ವಾರ್ಟ್ಜ್ ಹರಳಿನದು.

ಆಳು ಗಡಿಯಾರಗಳನ್ನು ಬೇಗ ಮುಗಿಸಿಬಿಡಬಹುದು. ರೈಲ್ವೆ, ಗಿರಣಿ, ಕಾರ್ಖಾನೆಗಳಲ್ಲಿ ಒಂದು ಯಜಮಾನ ಗಡಿಯಾರ ಅರ್ಧ ನಿಮಿಷಕ್ಕೊಮ್ಮೆ ತಂತಿಯಲ್ಲಿ ಒಂದು ಮಿಡಿತ ಕಳಿಸಿದರೆ ಕಟ್ಟಡದ ಎಲ್ಲ ಮುಳ್ಳುಗಳೂ ಒಟ್ಟಿಗೆ ಹಾರುತ್ತವೆ. ಸಿಂಕ್ರೊನೋಮ್, ಜೆಂಟ್ಸ್ ಎಂಬ ಇಂಗ್ಲಿಷ್ ಹೆಸರುಗಳಿದ್ದರೆ ಬಹುಪಾಲು ಈ ಜಾತಿ. ಒಳಗೆ ನೋಡಿದರೆ ಒಂದು ದಪ್ಪ ಕಾಯಿಲ್, ಒಂದು ಹಲ್ಲಿನ ಚಕ್ರ, ಅಷ್ಟೇ. ಇಷ್ಟಕ್ಕೆ ಗಡಿಯಾರ ಅನ್ನಬಹುದೇ ಎಂದು ಸಂಶಯ ಬರುವಷ್ಟು ಖಾಲಿ. ಆ ಕಾಯಿಲ್‌ಗೆ ಕೆಲವೇ ಓಮ್ ತಡೆ, ಒಂದೆರಡು ವೋಲ್ಟ್ ಸಾಕು. ಮುಚ್ಚಿದ ಕಾರ್ಖಾನೆಯ ಹರಾಜಿನಿಂದಲೋ ಬೆಂಗಳೂರಿನ ಭಾನುವಾರದ ಗುಜರಿ ಬಜಾರಿನಿಂದಲೋ ಇಂಥದ್ದನ್ನು ತಂದು 230 ವೋಲ್ಟ್ ಕೊಟ್ಟರೆ ಒಂದೇ ಕ್ಷಣದಲ್ಲಿ ಹೊಗೆ. ಅದಕ್ಕೇ ಪ್ಲಗ್ಗಿಗೆ ಸಿಕ್ಕಿಸುವ ಮೊದಲು ಮೀಟರಿನಿಂದ ಅಳೆಯಿರಿ ಎಂದದ್ದು. ಕ್ವಾರ್ಟ್ಜಿನಿಂದ ಅರ್ಧ ನಿಮಿಷಕ್ಕೊಂದು ಮಿಡಿತ ಕೊಡುವ ಸರ್ಕ್ಯೂಟ್ ಮಾಡಿಸಿಕೊಂಡರೆ ಯಜಮಾನನಿಲ್ಲದೆಯೂ ಆಳು ಓಡುತ್ತದೆ.

ಕೊನೆಗೆ ಎಲ್ಲರನ್ನೂ ಮನೆಗೆ ಕಳಿಸಿದ ಕ್ವಾರ್ಟ್ಜ್. ಹರಳಿನ ಚಿಕ್ಕ ಕವೆ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಎರಡನ್ನು ಹದಿನೈದು ಸಲ ಗುಣಿಸಿದ ಸಂಖ್ಯೆ ಅದು. ಚಿಪ್ಪು ಅದನ್ನು ಹದಿನೈದು ಸಲ ಅರ್ಧ ಮಾಡಿ ಸೆಕೆಂಡಿಗೊಂದು ಮಿಡಿತ ಪಡೆಯುತ್ತದೆ. ಆ ಮಿಡಿತಕ್ಕೆ ಮುಳ್ಳು ಸರಿಸುವ ಪುಟ್ಟ ಮೋಟಾರನ್ನು 1936ರಲ್ಲೇ ರೂಪಿಸಿದವನು ಫ್ರಾನ್ಸಿನ ಮಾರಿಯಸ್ ಲಾವೆ. 1920ರ ದಶಕದಲ್ಲಿ ಸೆಲ್ಲಿನ ಲೋಲಕ ಗಡಿಯಾರಗಳಿಗೆ ದುಡಿದವನೂ ಅವನೇ. ತನ್ನದೇ ಹಳೆಯ ಗಡಿಯಾರಗಳನ್ನು ಮೂಲೆಗೆ ತಳ್ಳುವ ಯಂತ್ರಕ್ಕೆ ತಾನೇ ಕಾಲು ಕೊಟ್ಟಂತಾಯಿತು. ಬೆಂಗಳೂರಿನಲ್ಲಿ 1961ರಲ್ಲಿ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರ ಮಾಡಲು ಹೊರಟ ಎಚ್‌ಎಂಟಿ 1978ರಲ್ಲಿ ನಮ್ಮ ಜಿಲ್ಲಾ ಕೇಂದ್ರವಾದ ತುಮಕೂರಿಗೂ ಬಂತು. ಕೀಲಿಯಿಂದ ಕ್ವಾರ್ಟ್ಜಿಗೆ ದಾಟುವ ಕಾಲದಲ್ಲಿ ತಡವರಿಸಿದ ಅದರ ಗಡಿಯಾರ ವಿಭಾಗವನ್ನು 2016ರಲ್ಲಿ ಮುಚ್ಚುವ ತೀರ್ಮಾನವಾಯಿತು, ತುಮಕೂರಿನ ಆ ಜಾಗ ಇಸ್ರೊ ಕೈಸೇರಿತು.

ಕ್ವಾರ್ಟ್ಜ್ ಅಗ್ಗವಾದದ್ದರಿಂದ ಹಳೆಯ ಗಡಿಯಾರಗಳಿಗೆ ಹೊಸ ಕಾಟವೊಂದು ಶುರುವಾಯಿತು. ಅಂಗಡಿಗೆ ಒಯ್ದರೆ ಸಾಕು, ‘ಮೆಷಿನ್ ಚೇಂಜ್ ಮಾಡ್ಬಿಡೋಣ ಬಿಡಿ ಸಾರ್’ ಎನ್ನುತ್ತಾರೆ. ಹಿತ್ತಾಳೆ, ಕಾಯಿಲ್, ಲೋಲಕ ಎಲ್ಲ ಗುಜರಿಗೆ; ಹಳೆಯ ಮರದ ಚೌಕಟ್ಟಿನೊಳಗೆ ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ. ಕೊಳ್ಳುವಾಗ ಇದನ್ನು ಪತ್ತೆ ಮಾಡುವುದು ಹೀಗೆ: ಮುಖದ ಮೇಲೆ ಕೀಲಿಯ ತೂತಿಗೆ ಬಿರಡೆ ಬಡಿದಿದೆಯೇ, ಹಿಂಬದಿಯಲ್ಲಿ ಉಪಯೋಗವಿಲ್ಲದ ಸ್ಕ್ರೂ ತೂತುಗಳಿವೆಯೇ, ವೈರು ಹೊರಬರಲು ಮಾಡಿದ ರಂಧ್ರವಿದ್ದೂ ವೈರೇ ಇಲ್ಲವೇ ನೋಡಿ. ನೂರು ವರ್ಷ ದಾಟಿದ್ದನ್ನು ಮಾತ್ರ ಪ್ರಾಚೀನ ವಸ್ತು ಎನ್ನುವ 1972ರ ಕಾನೂನಿನ ಲೆಕ್ಕದಲ್ಲಿ ಇಂಥ ಗಡಿಯಾರಗಳಲ್ಲಿ ಬಹುಪಾಲು ಇನ್ನೂ ಹಳೆಯವೇ ಅಲ್ಲ. ಅವನ್ನು ಕಾಯುವ ಹೊಣೆ ಸರ್ಕಾರದ್ದಲ್ಲ, ಮನೆಯವರದ್ದೇ.

ಒಂದು ವಿಷಯದಲ್ಲಿ ಮಾತ್ರ ಕೈ ಹಾಕದಿರುವುದೇ ಜಾಣತನ. ಹಳೆಯ ಅಲಾರಂ ಗಡಿಯಾರದ ಅಂಕಿಗಳ ಮೇಲೆ ಕಂದುಬಣ್ಣಕ್ಕೆ ತಿರುಗಿದ ಬಳಿತವಿದ್ದರೆ ಅದು ರೇಡಿಯಂ ಬಣ್ಣವಿರಬಹುದು. ಕತ್ತಲಲ್ಲಿ ಹೊಳೆಯುವುದು ನಿಂತಿದ್ದರೆ ಸವೆದದ್ದು ಅದರ ಜೊತೆ ಬೆರೆಸಿದ್ದ ಸತುವಿನ ಸಲ್ಫೈಡು. ರೇಡಿಯಂ ಅರ್ಧ ಕರಗಲು 1600 ವರ್ಷ ಬೇಕು. ಕೆರೆಯಬೇಡಿ, ಊದಬೇಡಿ, ಗಾಜು ತೆಗೆಯದೆ ಹಾಗೇ ಬಿಡಿ.

ಉಳಿದವನ್ನು ಧೈರ್ಯವಾಗಿ ಬಿಚ್ಚಿ, ಅಳೆದು, ತೊಳೆದು ಜೋಡಿಸಬಹುದು. ಮೆಷಿನ್ ಬದಲಿಸಲೇಬೇಕಾಗಿ ಬಂದರೂ ಹಳೆಯದನ್ನು ಡಬ್ಬಿಯಲ್ಲಿ ಹಾಕಿ, ಯಾವ ಗಡಿಯಾರದ್ದು, ಯಾವ ವರ್ಷ ತೆಗೆದದ್ದು ಎಂದು ಚೀಟಿ ಬರೆದು ಅದೇ ಮನೆಯಲ್ಲಿಡಿ. ಮೂಲ ಮೆಷಿನ್ ಜೊತೆಗಿಲ್ಲದ ಗಡಿಯಾರವನ್ನು ಹಳೆಯದೆಂದು ಯಾರಾದರೂ ಮಾರಲು ಬಂದರೆ ಚೌಕಟ್ಟಿನ ಮರಕ್ಕಷ್ಟೇ ಬೆಲೆ ಕಟ್ಟಿ.